ಕೊನಿಯವ್ವನ ಬಾಗಿಲಲ್ಲಿ ನಿನ್ನ ಚಾಪೆ

ಪೋರ್ಟ್ ಮೊರೆಸ್ಬಿ
ನವೆಂಬರ್ 22, 1998

ಪ್ರೀತಿಯ ಅಜ್ಜಿಗೆ,

ಸಮುದ್ರದ ಈಚೆಯಿಂದಲೇ ನಿನ್ನ ಕೆನ್ನೆಗೆ ಮೂಗು ತಾಗಿಸುತ್ತಿದ್ದೇನೆ. ಮಂಡಿನೋವು ಹೇಗಿದೆ? ಪ್ರತಿವಾರ ತಪ್ಪದೆ ಬರೆಯುತ್ತಿದ್ದವಳು ಮೂರು ವಾರ ಸುಮ್ಮನಿದ್ದೆ, ಕ್ಷಮಿಸು. ಕಾಯಿಲೆಯೇನೂ ಇರಲಿಲ್ಲ. ಬರೆಯಲು ಕೂತರೆ ಹಿಂದಿನ ಕಾಗದ ನೆನಪಾಗಿ ಪೆನ್ನು ಕೆಳಗಿಡುತ್ತಿದ್ದೆ. 'ಸೇವೆಯ ವಾರ, ಕೃತಜ್ಞತೆಯ ವಾರ' ಎಂದು ಎರಡು ಹಾಳೆ ತುಂಬಿಸಿ, ಸಂತೋಷ ತಡೆಯಲಾರದೆ ಶುಕ್ರವಾರವೇ ಅಂಚೆಗೆ ಹಾಕಿದ್ದೆ. ಇಷ್ಟರಲ್ಲಿ ಅದನ್ನು ನಮ್ಮೂರ ಚರ್ಚಿನಲ್ಲಿ ಎಲ್ಲರೆದುರು ಓದಿರುತ್ತಾರೆ. ನೀನು ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಿರುತ್ತೀ. ಅದರಲ್ಲಿ ಒಂದು ಸಾಲೂ ಸುಳ್ಳಿಲ್ಲ ಅಜ್ಜಿ. ನನಗೆ ನಾಚಿಕೆಯಾಗುವುದು ಅದಕ್ಕೇ.

ಹಳ್ಳದಾಚೆಯ ಕೇರಿಯ ಹದಿನೇಳು ಗುಡಿಸಲುಗಳಲ್ಲಿ ಆ ವಾರವಿಡೀ ನಾನೂ ಮಿಶನ್ನಿನ ಜೊತೆಗಾತಿ ಲಿತಿಯಾಳೂ ದುಡಿದೆವು. ಸೋಮವಾರ ಚರಂಡಿ ತೋಡಿದೆವು, ಮಂಗಳವಾರ ಸೂರಿನ ತಗಡು ಬಡಿದೆವು. ಕೇರಿಗೆ ಹಿರಿಯಳಾದ ಕೊನಿಯವ್ವ ಅಡಿಕೆ ಜಗಿಯುತ್ತ ನೋಡಿ ನಗುತ್ತಿದ್ದಳು. "ದೇವರ ಮಾತು ಹೇಳಾಕೆ ಹಡಗು ಹತ್ತಿ ಬಂದೋಳಿಗೆ ಗುದ್ದಲಿ ಹಿಡಿಯಾಕೆ ಬರಲ್ಲವಲ್ಲೇ. ಕೊಡಿಲ್ಲಿ, ನೀನು ಹಾಡು ಹೇಳು."

ಮಲೆಸೀಮೆಯಿಂದ ಇಳಿದುಬಂದು ಮೂವತ್ತು ವರ್ಷ ಅಲ್ಲಿ ಗೆಣಸು ಬೆಳೆದವಳು ಅವಳು. ಹೋದ ವರ್ಷ ಜಾಗ ತೆರವು ಮಾಡಲು ಬುಲ್ಡೋಜರ್ ಬಂದಾಗ ಹೆಂಗಸರನ್ನೆಲ್ಲ ಕಟ್ಟಿಕೊಂಡು ಅದರೆದುರು ಅಂಗಾತ ಮಲಗಿದ್ದಳಂತೆ. "ಡ್ರೈವರ್ ಇಳಿದೋಗಿ ಒಂದು ಬೀಡಿ ಸೇದಿದ, ಎರಡು ಬೀಡಿ ಸೇದಿದ, ವಾಪಸ್ ಹೋದ. ಮನೇಲಿ ನಾವಿರೋ ತನಕ ಮನೆ ಬೀಳಲ್ಲ ಕಣೆ" ಎಂದಿದ್ದಳು. ನಾನೂ ಅವಳೊಡನೆ ನಕ್ಕಿದ್ದೆ.

ಗುರುವಾರ ಪಾಸ್ಟರ್ ಎಲಿಯಾ ನನ್ನನ್ನು ಕರೆದರು. ನಮ್ಮ ದ್ವೀಪದವರೇ, ನಿನ್ನ ಕೈಯಡುಗೆ ಉಂಡವರೇ, 'ಈ ಮಗು ನಿಮ್ಮದು' ಎಂದು ನೀನು ನನ್ನ ಕೈಯನ್ನು ಅವರ ಕೈಯಲ್ಲಿಟ್ಟು ಕಳಿಸಿದವರೇ. "ಶನಿವಾರ ಮಿಶನ್ ಅಂಗಳದಲ್ಲಿ ಕೃತಜ್ಞತೆಯ ಊಟ, ಮಗಳೇ. ಕೇರಿಯಲ್ಲಿರೋ ಒಬ್ಬೊಬ್ಬರ ಹೆಸರೂ ಬರ್ಕೊಡು. ಹೆಸರು ಹಿಡಿದು ಪ್ರಾರ್ಥನೆ ಮಾಡ್ತೀನಿ. ಒಬ್ಬರೂ ಬಿಟ್ಟುಹೋಗ್ಬಾರದು." ತೊಂಬತ್ತೆರಡು ಹೆಸರು ಬರೆದೆ. ಹಾಲುಗೂಸುಗಳನ್ನೂ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಎರಡು ಟ್ರಕ್ ಬಂದವು. ಜನ ಹತ್ತುತ್ತಿದ್ದಂತೆ ಪಾಸ್ಟರ್ ಪಟ್ಟಿಯಲ್ಲಿ ಗೀಟು ಹಾಕುತ್ತ ಹೋದರು. ಕೊನೆಯ ಗೀಟು ಕೊನಿಯವ್ವನದು. ಅದು ಬಿದ್ದ ಮೇಲೆ ಗಾಡಿಯ ವೈರ್‌ಲೆಸ್ ಎತ್ತಿ "ಎಲ್ಲರೂ ಬಂದರು" ಎಂದರು. ಅಡುಗೆಯವರಿಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ಕಾದ ಕಲ್ಲಿನ ಗುಂಡಿಯಲ್ಲಿ ಬೆಂದ ಹಂದಿ, ಗೆಣಸು, ಸೊಪ್ಪು. ಕೊನಿಯವ್ವ ಎದ್ದು ನಿಂತು ನನ್ನ ಹೆಸರು ಹೇಳಿ ದೇವರಿಗೆ ವಂದಿಸಿದಳು. ಗುಡ್ಡದಾಚೆ, ಕೇರಿಯ ದಿಕ್ಕಿನಲ್ಲಿ, ಧೂಳು ಎದ್ದಿತು. ಪಾಸ್ಟರ್ "ಕಲ್ಲುಗಣಿ, ಕಲ್ಲುಗಣಿ" ಎಂದರು. "ಇನ್ನೊಂದು ಹಾಡು ಹೇಳಿ, ಸ್ವಲ್ಪ ಗಟ್ಟಿಯಾಗಿ." ಗಟ್ಟಿಯಾಗಿ ಹಾಡಿಸಿದವಳು ನಾನು.

ವಾಪಸ್ ಬಂದಾಗ ಕೇರಿ ಇರಲಿಲ್ಲ. ನಾನು ಬಡಿದ ತಗಡು ನಾನು ತೋಡಿದ ಚರಂಡಿಯಲ್ಲಿ ಮಡಚಿ ಬಿದ್ದಿತ್ತು. ಬಡವರನ್ನು ಒಕ್ಕಲೆಬ್ಬಿಸಲು ಬೇರೆಯವರು ದೊಣ್ಣೆ ತರುತ್ತಾರೆ ಅಜ್ಜಿ. ನಾವು ಊಟ ತಂದೆವು, ಬೈಬಲ್ ತಂದೆವು. ದೊಣ್ಣೆ ಕಂಡಿದ್ದರೆ ಅವರು ಮಲಗಿಯಾದರೂ ಉಳಿಸಿಕೊಳ್ಳುತ್ತಿದ್ದರು.

ಪಾಸ್ಟರನ್ನು ಕೇಳಿದೆ. ದನಿ ಏರಿಸದೆ ಹೇಳಿದರು: "ಅಲ್ಲಿ ಮಿಶನ್ ಅತಿಥಿಗೃಹ ಬರುತ್ತೆ ಮಗಳೇ. ಯಾರಿಗೂ ಏಟು ಬೀಳಲಿಲ್ಲ, ರಕ್ತ ಹರೀಲಿಲ್ಲ. ಅದಕ್ಕೂ ಕೃತಜ್ಞತೆ ಸಲ್ಲಿಸ್ಬೇಕು."

"ಹೆಸರು ನನ್ನ ಕೈಲೇ ಯಾಕೆ ಬರೆಸಿದ್ರಿ?"

"ನಿನ್ನ ಅಕ್ಷರ ದುಂಡಗಿದೆ" ಎಂದು ಊಟಕ್ಕೆ ಕೂತರು.

ದೊಡ್ಡಪ್ಪನ ದೋಣಿ ಬಡಿದು ಆಚೆ ಊರಿನ ಬೆಸ್ತ ಸತ್ತಾಗ ಅಜ್ಜ ಹೋಗಿ ಆ ಮನೆಯ ಬಾಗಿಲಲ್ಲಿ ಚಾಪೆ ಹೊದ್ದು ತಲೆತಗ್ಗಿಸಿ ಕೂತಿದ್ದನಲ್ಲ. ಕೊಡಲಿಯೇಟೂ ಬೀಳಬಹುದಿತ್ತು. ಮಧ್ಯಾಹ್ನ ಆ ಮನೆಯವರೇ ಹೊರಬಂದು ಚಾಪೆ ಎತ್ತಿ ಒಳಗೆ ಕರೆದರು. ನನಗೆ ಬೇರೆ ದಾರಿ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ನೀನು ಕೊಟ್ಟ ಚಾಪೆ ಹೊದ್ದು ಕೊನಿಯವ್ವನ ಹೊಸ್ತಿಲಿದ್ದ ನೆಲದಲ್ಲಿ ಕೂತೆ.

"ಏನೇ ಇವಳದ್ದು?" ಎಂದು ಅವಳು ಕೇಳಿದ್ದು ಕೇಳಿಸಿತು. ಲಿತಿಯಾ ಬಿಡಿಸಿ ಹೇಳಿದಳು: "ಅವರ ನಾಡಲ್ಲಿ ಹಿಂಗೇ ಕ್ಷಮೆ ಕೇಳೋದು ಅವ್ವಾ. ಕ್ಷಮಿಸಿದ್ರೆ ಚಾಪೆ ಎತ್ತಿ ಮನೆಯೊಳಕ್ಕೆ ಕರೀಬೇಕು."

"ಮನೆಯೊಳಕ್ಕಾ?" ಎಂದಳು ಕೊನಿಯವ್ವ. "ಎಲ್ಲೈತೆ, ತೋರಿಸು."

ಹೊತ್ತು ಇಳಿಯುವ ತನಕ ಕೂತೆ. ಯಾರೂ ಚಾಪೆ ಎತ್ತಲಿಲ್ಲ. ಮಳೆ ಹನಿದಾಗ ಅವಳು ಬಂದು ಅದನ್ನು ಸೆಳೆದುಕೊಂಡು, ಮೊಮ್ಮಕ್ಕಳ ಮೇಲೆ ಹೊದಿಸಲು ಹೋದಳು. ನನ್ನ ಮುಖ ನೋಡಲಿಲ್ಲ. ಚಾಪೆ ಅಲ್ಲೇ ಇದೆ ಅಜ್ಜಿ. ನಾನು ವಾಪಸ್ ಕೇಳುವುದಿಲ್ಲ, ನೀನೂ ಕೇಳಬೇಡ.

ಮಿಶನ್ ಮನೆ ಬಿಟ್ಟಿದ್ದೇನೆ. ರಸ್ತೆ ಬದಿಯ ಟಾರ್ಪಾಲಿನಡಿ ಅವರೆಲ್ಲ ಇದ್ದಾರೆ. ನಾನೂ ಲಿತಿಯಾಳೂ ಅಲ್ಲೇ ನೀರು ಹೊರುತ್ತೇವೆ. ನನ್ನನ್ನು ಊರಿಗೆ ಕಳಿಸುತ್ತಾರಂತೆ. ಅದಕ್ಕೆ ಮೊದಲೇ, ಪಾಸ್ಟರ್ ಎಲಿಯಾ ಕ್ರಿಸ್ಮಸ್ಸಿಗೆ ನಿನ್ನ ಮನೆಗೆ ಬರುತ್ತಾರೆ. ಅವರು ಮುಂದಿನ ಸಾಲಿನಲ್ಲಿ ಕೂತಿರುವಾಗಲೇ ನೀನು ಎದ್ದು ನಿಂತು ಈ ಕಾಗದ ಓದಿಸು. ಮೊದಲನೆಯದು ಕೇಳಿದವರು ಎರಡನೆಯದನ್ನೂ ಕೇಳಲಿ.

ನಿನ್ನ ಮಂಡಿಗೆ ಬಲ ಬರಲಿ, ತಮ್ಮಂದಿರು ಸುಖವಾಗಿರಲಿ. ಸಿಟ್ಟು ಬಂದರೂ ಊಟ ಬಿಡಬೇಡ.

ನಿನ್ನ ಮೊಮ್ಮಗಳು,
ಫೆತು

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಚರ್ಚಿನಲ್ಲಿ ಅದನ್ನೂ ಓದಿಸು. ಆ ಶನಿವಾರ ಕೊನಿಯವ್ವ ಬರುವುದಿಲ್ಲವೆಂದಳು. "ನೀವು ಹೋಗ್ರಿ, ಹಂದಿ ಕಾಯೋಕೆ ಮನೇಲಿ ಒಬ್ರಿರ್ಬೇಕು." ಟ್ರಕ್ ಅವಳಿಗಾಗಿ ನಿಂತಿತ್ತು. ಯಾರೂ ಹೇಳಿಕೊಡದೆ ನಾನೇ ಇಳಿದು ಹೋಗಿ ಕೈಹಿಡಿದು ಎಳೆದೆ. "ಹಂದಿ ಎಲ್ಲಿಗೂ ಹೋಗಲ್ಲ ಅವ್ವಾ, ಮನೆನೂ ಎಲ್ಲಿಗೂ ಹೋಗಲ್ಲ" ಎಂದೆ. ನಗುತ್ತ ಬಂದಳು. ಅದಾದ ಮೇಲೆ ನಿನ್ನೆಯೇ ಮೊದಲ ಸಲ ನನ್ನೊಡನೆ ಮಾತಾಡಿದಳು. "ನಿಮ್ಮ ಪಾಸ್ಟರ್ ಕರೆದಿದ್ರೆ ನಾನು ಹೊಸ್ತಿಲು ದಾಟ್ತಿರಲಿಲ್ಲ ಕಣೆ. ಅವನ ಊಟದ ಮೇಲೆ ನಂಗೆ ಅನುಮಾನ ಇತ್ತು. ನೀನು ಕರೆದೆ ಅಂತ ಬಂದೆ."