ಕೊಡದೆ ಹೋದ ಚಕ್ರ

ಚಂದ್ರಗುತ್ತಿಯ ಚನ್ನವೀರಪ್ಪನವರಿಗೆ ಶಿಕಾರಿಪುರದಿಂದ ಶರಣು. ಈ ಓಲೆಯನ್ನು ಅಂಚೆಗೆ ಹಾಕುವ ಮುಖ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗ ಶರತ್, ನನ್ನ ಮೊಮ್ಮಗ ರುದ್ರೇಶ ಇಬ್ಬರೂ ಒಂದೇ ವೃತ್ತಿಪರ ಸೈಕಲ್ ತಂಡದವರು, ಶರತ್ ನಾಯಕ. ನಾಯಕನಿಗೆ ನೀರು ಹೊತ್ತು ಕೊಡುವುದು, ಅವನ ಚಕ್ರ ಪಂಕ್ಚರ್ ಆದರೆ ಸಂಗಾತಿಯು ತನ್ನದನ್ನು ಬಿಚ್ಚಿಕೊಟ್ಟು ತಾನು ಹಿಂದುಳಿಯುವುದು ಆ ವೃತ್ತಿಯ ಧರ್ಮ. ಭಾನುವಾರದ ಪಂದ್ಯದ ಕೊನೆಯ ಏರಿನಲ್ಲಿ ಶರತ್ ಚಕ್ರ ಪಂಕ್ಚರ್ ಆಗಿ ನಿಂತು, ಕೈಯೆತ್ತಿ ರುದ್ರೇಶನನ್ನು ಕರೆದದ್ದನ್ನು ಸೊಸೆಯ ಮೊಬೈಲಿನಲ್ಲಿ ಕಂಡೆನು. ರುದ್ರೇಶ ತಿರುಗಿ ನೋಡಿದನು. ನೋಡಿಯೂ ಮುಂದೆ ಹೋದನು, ಗೆದ್ದನು. ಶರತ್ ಅಲ್ಲಿ ಎಷ್ಟು ಹೊತ್ತು ನಿಂತಿದ್ದನೋ, ಆಮೇಲೆ ಯಾರೂ ತೋರಿಸಲಿಲ್ಲ.

ನಿನ್ನೆ ರುದ್ರೇಶ ಗೆಲುವಿನ ಹಾರವನ್ನು ದೇವರಿಗೇರಿಸಲೆಂದು ತಂದನು. ದೇವರ ಕೋಣೆಯ ಹೊಸ್ತಿಲಲ್ಲೇ ತಡೆದೆನು.

"ಜೊತೆಗಾರನ್ನ ನಡುದಾರಿಯಾಗೆ ಬಿಟ್ಟು ತಂದ ಹೂವು ದೇವ್ರಿಗೆ ಬ್ಯಾಡೋ. ತಗೊಂಡು ಹೋಗು."

ಅವನು ನಕ್ಕನು. "ಹೋದ ತಿಂಗಳು ನೀವೇ ಅಂದಿದ್ರಲ್ಲ ಅಜ್ಜಾರೆ, 'ಚನ್ನವೀರಪ್ಪನ ಮೊಮ್ಮಗನಿಗೆ ಎಷ್ಟು ದಿನ ನೀರಿನ ಬಾಟ್ಲಿ ಹೊರ್ತೀಯೋ, ನಿನಗೇನು ಕಾಲಿಲ್ವಾ' ಅಂತ? ಕಾಲು ತೋರಿಸಿದ್ರೆ ಈಗ ಬೈತೀರಲ್ರೀ!"

ಹಾರವನ್ನು ಕೈಯಲ್ಲೇ ಹಿಡಿದು ಅವನು ಹೊರಟುಹೋದನು.

ಇಂದು ಬೆಳಿಗ್ಗೆ ನಾನು ಮಿಂದು ಮಡಿಯುಟ್ಟು ಬಂದವನು, ಆ ಹೊಸ್ತಿಲನ್ನು ದಾಟಲಾರದೆ, ಹೊರಗೆ ಕುಳಿತೇ ಪೂಜೆಯನ್ನು ಮುಗಿಸಿದೆನು.