ರೈಟ್ ಅಂದರೆ ಬಲಕ್ಕಲ್ಲ

ಫೆಬ್ರವರಿ ೩೦, ೨೧೯೧
ನೆರಳೂರು (ಮಧ್ಯಾಹ್ನ ಮೂರರ ತನಕ)

ಹಾದಿಮನಿ ವಂಶದ ಮೂಲಪುರುಷರೂ, ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿ ಒಂದು ಕೋಳಿಮರಿಗೂ ಕೊಂಕು ಮಾಡದ ನಿವೃತ್ತ ಚಾಲಕರೂ ಆದ ಶ್ರೀ ಮುರಿಗೆಪ್ಪನವರೇ. ಆ ಪೈಕಿ ಹನ್ನೊಂದು ವರ್ಷ ಅದೇ ಬಸ್ಸಿನಲ್ಲಿ ಟಿಕೆಟ್ ಹರಿದ ನಿವೃತ್ತ ನಿರ್ವಾಹಕಿಯೂ, ಸದರಿ ಮಹನೀಯರ ಧರ್ಮಪತ್ನಿಯೂ ಆದ ಶ್ರೀಮತಿ ಕಸ್ತೂರೆವ್ವನವರೇ. ಕಿಟಕಿ ಪಕ್ಕ ಕೂತವರೇ, ಕಂಬ ಹಿಡಿದು ನಿಂತವರೇ, ಇಳಿಯುವ ಊರು ದಾಟಿದ ಮೇಲೆ ಎಚ್ಚರಗೊಳ್ಳುವ ಸಮಸ್ತ ಪ್ರಯಾಣಿಕ ಮಹಾಜನರೇ,

ನಿಮ್ಮಿಂದ ಆರು ತಲೆಮಾರು ಮುಂದೆ ನಿಂತು ಬರೆಯುತ್ತಿದ್ದೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ಉಳಿದ ತಿಂಗಳುಗಳಿಗೆಲ್ಲ ಕೈತುಂಬ ಕೊಟ್ಟು ಫೆಬ್ರವರಿಗೆ ಮಾತ್ರ ಕೈ ಬಿಗಿ ಹಿಡಿದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ನಮ್ಮ ಕನ್ನಡವೂ ನಿಮ್ಮ ಕಿವಿಗೆ ಕೊಂಚ ವಕ್ರವಾಗಿ ಕೇಳಿಸಬಹುದು. ಪದಗಳು ನೂರ ಅರವತ್ತು ವರ್ಷ ನಡೆದು ಬಂದಿವೆ, ಚಪ್ಪಲಿ ಸವೆದಿವೆ, ಕ್ಷಮೆ ಇರಲಿ. ಒಂದು ಕೋರಿಕೆ: ಈ ಪತ್ರವನ್ನು ಕಸ್ತೂರೆವ್ವನವರೇ ಓದಬೇಕು, ಮುರಿಗೆಪ್ಪನವರು ಪಕ್ಕದಲ್ಲಿ ಕೂತು ಕೇಳಬೇಕು. ಗಂಟಲು ಕೆಟ್ಟಿರುವುದು ಗೊತ್ತು. ದನಿ ಎಷ್ಟು ಉಳಿದಿದೆಯೋ ಅಷ್ಟರಲ್ಲೇ ಓದಿ, ಪಿಸುಮಾತಾದರೂ ಸರಿ. ಹೇಗೂ ಈಚೆಗೆ ಪೇಪರು, ಔಷಧಿ ಚೀಟಿ, ಮೊಬೈಲಿನ ಮೆಸೇಜು ಎಲ್ಲವನ್ನೂ ಅವರು "ನೀನ ಓದು, ನಿನ್ನ ದನಿ ಛಲೋ ಐತಿ" ಎಂದು ನಿಮ್ಮ ಕೈಯಲ್ಲೇ ಓದಿಸುತ್ತಾರೆ ಎಂದು ನಮ್ಮ ದಾಖಲೆ ಹೇಳುತ್ತದೆ.

ಮೊದಲು ನಮ್ಮ ಕಾಲದ ಸಂಗತಿ. ನಮ್ಮಲ್ಲಿ ಮನೆಗಳಿಗೆ ಗಾಲಿಗಳಿವೆ. ಅಂಥ ಮನೆಗೆ ಅಲೆಮನೆ ಎನ್ನುತ್ತೇವೆ. ದೀರ್ಘ ಹಾಕಿ ಆಲೆಮನೆ ಎಂದು ಓದಬೇಡಿ, ಇಲ್ಲಿ ಬೆಲ್ಲ ಸಿಗುವುದಿಲ್ಲ. ಬಿಸಿಲು ಏರಿದಂತೆ ಅಲೆಮನೆ ತಾನೇ ಎದ್ದು ನೆರಳು ಹುಡುಕಿಕೊಂಡು ಹೋಗುತ್ತದೆ. ಇನ್ನೂರು ಮುನ್ನೂರು ಅಲೆಮನೆಗಳು ಒಂದು ಗುಡ್ಡದ ಮಗ್ಗುಲಿಗೆ ಬಂದು ನಿಂತರೆ ಅದೇ ನೆರಳೂರು. ನೆರಳು ಸರಿದರೆ ಊರೂ ಸರಿಯುತ್ತದೆ. ಹೀಗಾಗಿ ನಾವು ಯಾರನ್ನೂ "ನಿಮ್ಮದು ಯಾವೂರು?" ಎಂದು ಕೇಳುವುದಿಲ್ಲ, "ಎಷ್ಟು ಗಂಟೆಯ ತನಕ?" ಎಂದು ಕೇಳುತ್ತೇವೆ. ಒಗ್ಗರಣೆ ಒಂದು ಜಿಲ್ಲೆಯಲ್ಲಿ, ಊಟ ಇನ್ನೊಂದು ಜಿಲ್ಲೆಯಲ್ಲಿ. ನೆರೆಯವರೊಡನೆ ಜಗಳವಾದರೆ ಬೇಲಿ ಹಾಕುವುದಿಲ್ಲ, ಬ್ರೇಕು ತೆಗೆಯುತ್ತೇವೆ. ಓಡಿಸುವವರು ಯಾರೂ ಇಲ್ಲ. ಸ್ಟೇರಿಂಗು ವಸ್ತುಸಂಗ್ರಹಾಲಯದಲ್ಲಿದೆ, ಮಕ್ಕಳು ಅದನ್ನು ಯಾವುದೋ ದೇವರ ಪ್ರಭಾವಳಿ ಎಂದುಕೊಂಡು ಕೈಮುಗಿಯುತ್ತವೆ. ಡ್ರೈವರ್ ಎಂಬ ಪದಕ್ಕೆ ನಮ್ಮ ನಿಘಂಟು ಕೊಡುವ ಅರ್ಥ ಇಷ್ಟು: ಇತರರ ಜೀವವನ್ನು ತನ್ನ ಎರಡು ಕಣ್ಣಿನ ಮೇಲೆ ಹೊತ್ತು ಒಯ್ಯುತ್ತಿದ್ದವನು. ಎರಡು ಕಣ್ಣು ಎಂಬಲ್ಲಿ ನಾನೇ ಗೆರೆ ಎಳೆದಿದ್ದೇನೆ.

ನಮ್ಮ ವಂಶದ ಮೊಟ್ಟಮೊದಲ ಅಲೆಮನೆ ನಿಮ್ಮದು. ಗದಗಿನ ಗ್ಯಾರೇಜಿನಲ್ಲಿ ಹಳೆಯ ಮಿನಿಬಸ್ಸಿನ ಸೀಟು ಕಿತ್ತು, ಎರಡು ಮಂಚ, ಒಂದು ಒಲೆ, ಮಾಡಿನ ಮೇಲೆ ನೀರಿನ ಟಾಕಿ, ಮೂಲೆಯಲ್ಲಿ ಪರದೆಯ ಮರೆಗೆ ಒಂದು ಕಮೋಡು ಕೂರಿಸಿಕೊಂಡಿರಿ. ಅಡ್ಡಹೆಸರನ್ನೇ ಗಾಡಿಯ ಹಿಂಬದಿಗೆ ಬರೆಸಿದಿರಿ: ಹಾದಿಮನಿ. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದವರಿಗೆ ಕಸ್ತೂರೆವ್ವನವರು, "ಮಂದಿಗೆ ಊರು ಮುಟ್ಟಿಸಿದ್ದ ಆತು. ನಮಗ ಊರು ತೋರಿಸವ್ರು ಯಾರು?" ಎಂದರಂತೆ. ಸಂಕ್ರಾಂತಿಯ ಮರುದಿನ ಹೊರಟವರು ಸೊಲ್ಲಾಪುರ, ಉಜ್ಜಯಿನಿ, ಭರತಪುರ ಎನ್ನುತ್ತ ಈಗ ಏಪ್ರಿಲಿನಲ್ಲಿ ಹಿಮಾಚಲದ ರಾಂಪುರ ಮುಟ್ಟಿದ್ದೀರಿ. ಗದಗಿನಲ್ಲಿರುವ ಮಗಳಿಗೆ ಕಸ್ತೂರೆವ್ವನವರು ಹಾದಿಯುದ್ದಕ್ಕೂ ಕಳಿಸಿದ ಧ್ವನಿಸಂದೇಶಗಳು ನಲವತ್ತೊಂದು. ಅವನ್ನು ನಾವು ಧ್ವನಿಮಣಿ ಎನ್ನುತ್ತೇವೆ, ಸರದಂತೆ ಪೋಣಿಸಿ ಇಟ್ಟಿದ್ದೇವೆ. ಪ್ರತಿಯೊಂದಕ್ಕೂ ಆ ಮಗಳು ಮೊಬೈಲಿನ ಹೆಬ್ಬೆರಳೊಂದನ್ನು ಉತ್ತರವಾಗಿ ಕಳಿಸಿದ್ದಾಳೆ. ನಲವತ್ತೊಂದು ಮಣಿಗೆ ನಲವತ್ತೊಂದು ಹೆಬ್ಬೆಟ್ಟು, ಬಿ.ಎ. ಓದಿಸಿದ್ದಕ್ಕೆ ಗಿಟ್ಟಿದ್ದು ಅಷ್ಟೇ.

ಮೂರನೇ ಮಣಿಯಲ್ಲಿ ಒಂದು ಆಟ ಶುರುವಾಗುತ್ತದೆ. "ನಿಮ್ಮಪ್ಪಗ ಹಳೇ ಸರ್ವಿಸ್ ನೆನಪಾಗೇತಿ ನೋಡವಾ. ಕಂಡಕ್ಟರ್ ಬಾಯಿ ಮಾಡಲಿಲ್ಲಂದ್ರ ಗಾಡಿ ಹೊಡಿಯೂ ಮಜಾನ ಬರೂದಿಲ್ಲ ಅಂತಾರ. ಅದಕ್ಕ ನಾ ಬಾಜೂಕ ಕುಂತು ರೈಟ್, ಹೋಲ್ಡಾನ್ ಅನ್ಕೋಂತ ಹೊಂಟೀನಿ. ಮದುವಿಯಾದ ಹೊಸದಾಗೂ ನನ್ನ ಮಾತು ಇಷ್ಟು ಕೇಳಿರಲಿಲ್ಲ ಬಿಡು." ಅದರ ಹಿಂದೆಯೇ ಮುರಿಗೆಪ್ಪನವರ ದನಿ: "ಏ ಕಂಡಕ್ಟರ, ಸುದ್ದಿ ಸಾಕು, ಮುಂದ ಏನೈತಿ ಹೇಳು."

ಮುಂದಿನ ಪೀಳಿಗೆಯವರಿಗಾಗಿ ವಿವರಣೆ: ನಿಮ್ಮ ಬಸ್ಸುಗಳಲ್ಲಿ ನಿರ್ವಾಹಕರು ಹೋಲ್ಡಾನ್ ಎಂದರೆ ನಿಲ್ಲು, ರೈಟ್ ಎಂದರೆ ಹೋಗು. ಇಂಗ್ಲಿಷಿನವರು ಆ ಪದವನ್ನು ಬಲಗಡೆಗೆ ಬಳಸುತ್ತಿದ್ದರು ಎಂಬುದು ನಿಮ್ಮ ಬಸ್ಸುಗಳಿಗೆ ಸಂಬಂಧಪಟ್ಟ ವಿಷಯವಲ್ಲ. ಮೂವತ್ನಾಲ್ಕು ವರ್ಷ ಆ ಒಂದು ಪದಕ್ಕೆ ಮುರಿಗೆಪ್ಪನವರ ಕಾಲು ತಾನಾಗಿ ಕ್ಲಚ್ಚು ಬಿಡುತ್ತಿತ್ತು, ಮನಸ್ಸಿನ ಅಪ್ಪಣೆಗೂ ಕಾಯದೆ.

ಇನ್ನು ಹದಿನೇಳನೇ ಮಣಿ. ಭರತಪುರದ ಆಚೆ ಎಲ್ಲೋ. ಕಸ್ತೂರೆವ್ವನವರಿಗೆ ನಗು ತಡೆಯಲಾಗುತ್ತಿಲ್ಲ. "ನಾ ಚಾದ ಫ್ಲಾಸ್ಕ್ ತರಾಕ ಹಿಂದ ಎದ್ದು ಹೋಗಿದ್ದೆ ಮಗಳ. ಮ್ಯಾಪಿನಾಕಿ 'ಟರ್ನ್ ರೈಟ್' ಅಂದಾಳ. ನಿಮ್ಮಪ್ಪ ರೈಟ್ ಅಂದ್ರ ಹೋಗು ಅಂತ ತಿಳಕೊಂಡು ನೆಟ್ಟಗ ಹೊಡದಾರ! ಸಾಸಿವಿ ಹೊಲದಾಗ ನಿಂತೀವಿ ನೋಡು. ಒಗ್ಗರಣಿಗೆ ಎಣ್ಣಿ ಕಾಯಿಸೂದೊಂದ ಬಾಕಿ." ಮುರಿಗೆಪ್ಪನವರು ದೂರದಿಂದ: "ರೈಟ್ ಅಂದಮ್ಯಾಲ ನಾ ಯಾರಪ್ಪನ ಮಾತೂ ಕೇಳೂದಿಲ್ಲ. ಚಟ ಅದು." ಇಬ್ಬರೂ ನಗುತ್ತಾರೆ. ಹೊಲದ ಯಜಮಾನನೂ ನಗುತ್ತಾನೆ. ಮಗಳೂ ನಕ್ಕು ಹೆಬ್ಬೆರಳು ಒತ್ತಿದ್ದಾಳೆ.

ಈ ಮಣಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಗು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅಲ್ಲಿ ರಸ್ತೆ ಮುಗಿದಿತ್ತು. ಎಡಕ್ಕೊಂದು, ಬಲಕ್ಕೊಂದು ಕವಲು. ನೇರಕ್ಕೆ ಬದು, ಆಮೇಲೆ ಹಳದಿ ಹೂವು, ಅಷ್ಟೇ. ಕಿವಿ ರೈಟ್ ಎಂಬುದನ್ನು ಹೋಗು ಎಂದು ಕೇಳಿಸಿಕೊಂಡದ್ದು ಸರಿ. ಹಗಲು ಹನ್ನೊಂದು ಗಂಟೆಗೆ ಕಣ್ಣು ಏನು ಮಾಡುತ್ತಿತ್ತು?

ಈ ಪ್ರಶ್ನೆ ಹಿಡಿದು ಉಳಿದ ಮಣಿಗಳನ್ನು ಮತ್ತೆ ಕೇಳಿದರೆ ಅವು ಬೇರೆಯೇ ಕಥೆ ಹೇಳುತ್ತವೆ. ಇಪ್ಪತ್ಮೂರರಲ್ಲಿ: "ಈಗೀಗ ಯಾರ ಜೋಡಿ ಮಾತಾಡಿದ್ರೂ ಮಾರಿ ವಾರಿ ಮಾಡಿ ನೋಡ್ತಾರ ನಿಮ್ಮಪ್ಪ, ಸಿನಿಮಾ ಹೀರೋನ ಗತೆ. ಮುಪ್ಪಿನಾಗ ಏನ್ ಸ್ಟೈಲ್ ಬಂತೋ." ಇಪ್ಪತ್ತೊಂಬತ್ತರಲ್ಲಿ: "ಬಿಸ್ಕೀಟ್ ತಗೊಂಡು ಬರ್ರಿ ಅಂದ್ರ ಸಾಬೂನು ತಂದಾರ. ಚಾದಾಗ ಅದ್ದಿ ತಿನ್ರಿ ಈಗ ಅಂದೆ." ಮೂವತ್ತಾರರಲ್ಲಿ ಮಗಳಿಗೆಂದು ಆಡಿದ ಮಾತೇ ಇಲ್ಲ, ಗುಂಡಿ ಒತ್ತಿದ್ದು ಮರೆತಿದ್ದೀರಿ. ಆರು ನಿಮಿಷದ ಓಡಾಟ, ಅಷ್ಟೇ. "ಲಾರಿ ಬಂತ್ರೀ, ಎಡಕ್ಕ. ಇನ್ನಾ ಎಡಕ್ಕ. ರೈಟ್. ಮುಂದ ಸೈಕಲ್. ಹೋಲ್ಡಾನ್. ಹೋಲ್ಡಾನ್ ಅಂದ್ನೆಲ್ರೀ! ... ರೈಟ್." ಮೂರನೇ ಮಣಿಯಲ್ಲಿ ಮೂರು ನಿಮಿಷಕ್ಕೊಮ್ಮೆ ಬರುತ್ತಿದ್ದ ಕೂಗು ಇಲ್ಲಿ ಉಸಿರು ಬಿಡುವಷ್ಟು ಹೊತ್ತನ್ನೂ ಬಿಟ್ಟುಕೊಡುವುದಿಲ್ಲ. ಆಟವಾಡುವವರು ಹೀಗೆ ಆಡುವುದಿಲ್ಲ. ಕಸ್ತೂರೆವ್ವನವರೇ, ನೀವು ಮೂರು ತಿಂಗಳಿಂದ ಕಂಡಕ್ಟರಿಕೆ ಮಾಡುತ್ತಿಲ್ಲ. ಗಾಡಿಯನ್ನು ನೀವೇ ಓಡಿಸುತ್ತಿದ್ದೀರಿ, ಬಾಯಿಂದ.

ನಿನ್ನೆಯ ಮಣಿ ನಲವತ್ತೊಂದನೆಯದು. ಕಸ್ತೂರೆವ್ವನವರ ದನಿ ಗುರುತೇ ಸಿಗುವುದಿಲ್ಲ. "ಥಂಡಿಗೆ ಗಂಟಲು ಪೂರಾ ಕುಂತೈತಿ ಮಗಳ. ನಾಳಿಗಲ್ಲ, ನಾಡಿದ್ದು ಮುಂಜಾನೆ ಎಂಟಕ್ಕ ಹೊಂಡವ್ರು. ಬಂಡಿಗಲ್ಲು ಕೊರದು ಮಾಡಿದ ರಸ್ತಾ ಅಂತ, ಒಂದ ಬಾಜೂ ತಲಿ ಮ್ಯಾಲ ಕಲ್ಲು, ಒಂದ ಬಾಜೂ ಕೆಳಗ ಸತ್ಲಜ್ ಹೊಳಿ. ಮಾತು ಬರವಲ್ದು, ಅದಕ್ಕ ಡ್ಯೂಟಿ ಸೀಟಿ ತಗದಿಟ್ಟೀನಿ. ಒಂದು ಊದಿದ್ರ ನಿಲ್ಲು, ಎರಡು ಊದಿದ್ರ ಹೋಗು." ಮುರಿಗೆಪ್ಪನವರು: "ಸಾಕು ಬಿಡ. ನಮ್ಮ ಸರ್ವಿಸ್ ಪೂರಾ ಸೀಟಿ ಮ್ಯಾಲ ನಡದೈತಿ."

ನಡೆದಿತ್ತು, ನಿಜ. ಆಗ ಸೀಟಿ ಊದುವವರು ಹಿಂದಿದ್ದರು, ಕಣ್ಣಿದ್ದವರು ಮುಂದಿದ್ದರು. ಸೀಟಿಗೆ ನಿಲ್ಲು ಗೊತ್ತು, ಹೋಗು ಗೊತ್ತು. ಎಡಕ್ಕೆ ಎಷ್ಟು ಎಂಬುದು ಗೊತ್ತಿಲ್ಲ. ಇಲ್ಲಿ ತಿರುವಿದೆ ಎನ್ನಲು ಬರುವುದಿಲ್ಲ. ಕಲ್ಲು ಯಾವ ಕಡೆ, ಹೊಳೆ ಯಾವ ಕಡೆ ಎಂದು ಹೇಳಲು ಎರಡು ಊದುಗಳಲ್ಲಿ ಜಾಗವಿಲ್ಲ. ಸಾಸಿವೆ ಹೊಲ ಗಾಡಿಯನ್ನು ಮಡಿಲಿಗೆ ಹಾಕಿಕೊಂಡಿತು. ಸತ್ಲಜ್ ಹೊಳೆಗೆ ಅಂಥ ಅಭ್ಯಾಸವಿಲ್ಲ.

ನಲವತ್ತೆರಡನೇ ಮಣಿ ನಮ್ಮ ಸರದಲ್ಲಿಲ್ಲ. ಇದರ ಬಗ್ಗೆ ನಮ್ಮ ಪಂಡಿತರಲ್ಲಿ ಎರಡು ಪಂಗಡ. ಗಂಟಲು ಕೆಟ್ಟಿದ್ದರಿಂದ ಸಂದೇಶ ಕಳಿಸಲಿಲ್ಲ ಎನ್ನುತ್ತದೆ ಒಂದು. ಇನ್ನೊಂದು ಪಂಗಡ ನೆಲ ನೋಡುತ್ತದೆ. ನಾನು ಹುಟ್ಟಿ ಪತ್ರ ಬರೆಯುತ್ತಿದ್ದೇನೆ, ಆದ್ದರಿಂದ ನೀವು ಪಾರಾಗಿರಬೇಕು ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ನಿಮ್ಮ ಮಗಳು ಹುಟ್ಟಿ ಆಗಲೇ ನಲವತ್ತೈದು ವರ್ಷವಾಗಿದೆ. ವಂಶ ಮುಂದುವರಿಯಲು ನಾಳೆ ಬೆಳಗ್ಗೆ ಎಂಟರ ಮೇಲೆ ನಿಮ್ಮ ಅಗತ್ಯ ಯಾರಿಗೂ ಇಲ್ಲ. ಅಗತ್ಯ ಬೇರೆ, ಬೇಕಾಗುವುದು ಬೇರೆ.

ಆದ್ದರಿಂದ ನೂರ ಅರವತ್ತು ವರ್ಷ ದೂರದಿಂದ ಒಂದೇ ಬಿನ್ನಹ. ಕಸ್ತೂರೆವ್ವನವರೇ, ಇಲ್ಲಿಗೆ ಓದು ನಿಲ್ಲಿಸಿ. ಮುರಿಗೆಪ್ಪನವರ ಎದುರಿಗೆ, ನೇರ ಎದುರಿಗೆ ನಿಂತು, ನಿಮ್ಮ ಬೆರಳುಗಳನ್ನು ತೋರಿಸಿ ಎಷ್ಟೆಂದು ಕೇಳಿ. ಮೋರೆ ಓರೆ ಮಾಡಲು ಬಿಡಬೇಡಿ. ಅವರು ನಗುತ್ತಾರೆ, ಏನೋ ಒಂದು ಹೇಳಿ ಮಾತು ತಿರುಗಿಸುತ್ತಾರೆ, ಚಾ ಆಯಿತೇನು ಎನ್ನುತ್ತಾರೆ. ನೀವೂ ಒಲೆಯ ಕಡೆ ಹೋಗಿಬಿಡುತ್ತೀರಿ. ಹೋಗಬೇಡಿ. ಏಕೆಂದರೆ ನಮ್ಮ ದಾಖಲೆಗಳ ಪ್ರಕಾರ

ದಾಖಲೆನೂ ಇಲ್ಲ, ಗೀಖಲೆನೂ ಇಲ್ಲ. ಅವ್ವಾ, ನಾನು ವಿಶಾಲಾಕ್ಷಿ. ಫೋನ್ ಮಾಡಿದ್ರ ನೀ ಸ್ಪೀಕರಿಗೆ ಹಾಕ್ತಿ, ಅಪ್ಪ ನಡುವ ಬಾಯಿ ಹಾಕ್ತಾರ, ನನಗ ಹೇಳಾಕ ಧೈರ್ಯ ಆಗೂದಿಲ್ಲ. ಅದಕ್ಕ ಈ ವೇಷ ಹಾಕಿದೆ. ಗಾಡಿ ಚಾವಿ ನಿನ್ನ ಸೆರಗಿಗೆ ಕಟ್ಕೋ. ನಾ ಹೊಂಟೀನಿ, ನಾ ಬಂದು ಮುಟ್ಟೂ ತನಕ ಹಾದಿಮನಿ ಅಲ್ಲೇ ನಿಂದ್ರಲಿ.

ಹೋದ ಶ್ರಾವಣದಾಗ ಅಪ್ಪನ್ನ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ದು ಹಲ್ಲಿಗಲ್ಲ, ಕಣ್ಣಿಗೆ. ಕಣ್ಣಿನ ನಟ್ಟನಡುವ ಸವದೈತಿ, ಅಂಚಿಗಷ್ಟ ಕಾಣ್ತೈತಿ, ನೇರ ನೋಡಿದ್ದೆಲ್ಲ ಬೂದಿ, ಆಪರೇಷನ್ನಿಗೂ ಬರೂದಿಲ್ಲ ಅಂದ್ರು ಡಾಕ್ಟರು. ಹೊರಗ ಬೆಂಚಿನ ಮ್ಯಾಲ ಕುಂತು ಅಪ್ಪ ನನ್ನ ಕೈ ಹಿಡಕೊಂಡ್ರು. "ಒಂದ ಟ್ರಿಪ್ಪವಾ. ನಿಮ್ಮವ್ವಗ ಮಾತು ಕೊಟ್ಟೀನಿ." ಲೈಸೆನ್ಸ್ ಮುಗಿದಿತ್ತು. ಅದರ ಸರ್ಟಿಫಿಕೇಟಿಗೆ ಇನ್ನೊಂದು ಕಡೆ ಕಣ್ಣು ತೋರಿಸಬೇಕಿತ್ತು. ಅಲ್ಲಿಗೆ ನಾ ಒಂದಿನ ಮೊದಲ ಹೋಗಿ, ಗ್ವಾಡಿಗೆ ಹಾಕಿದ್ದ ಅಕ್ಷರ ಬರಕೊಂಡು ಬಂದೆ. ರ ಗ ವ ದ. ನ ಮ ಪ ಹ.

ಗಾಡಿ ಹೊಡಿಯೂ ಮುಂದ ಅಪ್ಪ ಗುನುಗೂ ಹಾಡು ಯಾವ ಸಿನಿಮಾದ್ದು ಅಂತ ಮೊನ್ನೆ ಕೇಳಿದ್ಯಲ್ಲ? ಗೊತ್ತಿಲ್ಲವಾ ಅಂದೆ.

ರಾಯರ ಗಾಡಿ ವಾರಕೆ ದಿಲ್ಲಿ,
ನಮ್ಮದು ಮೆಲ್ಲಗೆ ಪಯಣದ ಹಾದೀಲಿ.

ಒಂದೊಂದು ಶಬ್ದದ ಮೊದಲನೇ ಅಕ್ಷರ ಕೂಡಿಸಿ ನೋಡು. ಗ್ವಾಡಿ ಮ್ಯಾಲಿಂದು ಅಪ್ಪಗ ಒಂದೂ ಕಂಡಿರಲಿಲ್ಲವ್ವಾ. ಪ್ರಾಸ ಕಟ್ಟಿ ಬಾಯಿಪಾಠ ಮಾಡಿಸಿದಾಕಿ ನಾನು.