ಬುಡನ್ ಸಾಬರ ಟ್ಯಾಂಗೊ

೯ ಫೆಬ್ರವರಿ ೧೯೫೮, ಭಾನುವಾರ

...ಮಟ್ಟು ನಡೆಯುವ ಕಾಲಿಗಲ್ಲ, ಎತ್ತಿ ಇನ್ನೂ ಇಡದ ಕಾಲಿಗೆ — ಹೀಗೇನೋ ಅಂದಿದ್ದರು ಅಬ್ಬ. ಯಾರಿಗೆ ಅಂದದ್ದು, ಯಾವಾಗ, ನೆನಪಿಲ್ಲ. ಶೇವ್ ಮಾಡುವಾಗ ಬಂತು. ಕೆನ್ನೆ ಕೊಯ್ದುಕೊಂಡೆ.

ಮಧುಗಿರಿಯ ಬಂಡೆ ಈಗಲೇ ಬಿಸಿಲಿಗೆ ಕಾಯುತ್ತಿದೆ. ಅಬ್ಬ ಜಗಲಿಯಲ್ಲಿ ಕೂತು ತೊಡೆಯ ಮೇಲೆ ಬೆರಳು ಬಡಿಯುತ್ತಾರೆ. ಹಲ್ಲು ಹೋಯಿತು, ಕ್ಲಾರಿಯೋನೆಟ್ ಬಿಟ್ಟರು. ಸಿರಾದ ಮನೆ ಬಿಟ್ಟು ನನ್ನ ಹತ್ತಿರ ಬಂದರು. ಬಡಿಯುವುದು ಬಿಡಲಿಲ್ಲ. ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮನೆಯಲ್ಲಿ ಸದ್ದು ಬೇಡವೆಂದೇ ಮದುವೆಯಾಗದವನು.

ಯಾರ ಮದುವೆ ಇವತ್ತು, ಅಂತ ಕೇಳಿದೆ. ಬಡಿಯುತ್ತಲೇ ಇದ್ದರು.

೧೧ ಫೆ., ಸಂಜೆ

ಪಕ್ಕದ ಮನೆಯ ಚಿಕ್ಕಹನುಮಯ್ಯ ಸುದ್ದಿ ತಂದ. ರೇಡಿಯೋದವರು ಬರುತ್ತಾರಂತೆ. ಮಿಡಿಗೇಶಿಯ ಓಬಳಯ್ಯನ ಬ್ಯಾಂಡ್ ಸೆಟ್ ರೆಕಾರ್ಡ್ ಮಾಡುತ್ತಾರಂತೆ. ಬಾರಿಸುವುದು ‘ಓಬಳಯ್ಯನ ಮಟ್ಟು’.

ಅದು ಅಬ್ಬನ ಮಟ್ಟು. ವಯಸ್ಸಿನಲ್ಲಿ ಬೆಂಗಳೂರಿನ ದಂಡಿನ ಬ್ಯಾಂಡಿನಲ್ಲಿ ಬಾರಿಸುತ್ತಿದ್ದರು. ಅಲ್ಲಿನ ಗೋರಾ ಬ್ಯಾಂಡ್‌ಮಾಸ್ಟರ್ ಟ್ಯಾಂಗೊ ಕೇಳಿಸಿದ — ಭೂಮಿಯ ಆ ಕಡೆಯವರ ಕುಣಿತ. ಸಿರಾಕ್ಕೆ ಬಂದು, ಮದುವೆ ಮೆರವಣಿಗೆಗೆಂದು ತಾವೇ ಒಂದು ಕಟ್ಟಿದರು. ಸ್ವಲ್ಪ ನಡೆಯುವುದು, ಆಮೇಲೆ ಡ್ರಮ್ಮು ಸಮೇತ ಎಲ್ಲ ನಿಲ್ಲುವುದು. ನಡುಬೀದಿಯಲ್ಲಿ ಮದುಮಗ, ಕುದುರೆ, ಬೀಗರು, ಎಲ್ಲ ನಿಲ್ಲಬೇಕು. ಮತ್ತೆ ಶುರು. ಜನ ಬೈದರು. ಆದರೂ ಪಾವಗಡದವರೆಗೆ ಕರೆದರು.

ಅಮ್ಮಿ ಸತ್ತಾಗ ಪಾವಗಡದಲ್ಲೇ ಇದ್ದರು. ಮಣ್ಣಾದ ಮೇಲೆ ಬಂದರು.

ಮನೆಯಲ್ಲಿ ನಮ್ಮದು ಉರ್ದು. ಅಬ್ಬನ ಹುಕುಂ ಮಾತ್ರ ಕನ್ನಡದಲ್ಲಿ. “ಹೋಗಿ ಯೋಳು ಆ ಓಬ್ಳನಿಗೆ. ರೇಡಿಯೋದಾಗೆ ನನ್ನ ಹೆಸ್ರು ಬರ್ಬೇಕು. ನಾನು ಹೋದ್ಮೇಲೆ ಇನ್ನೇನು ಉಳೀತದ್ಲಾ?”

ನಾನು ಉಳಿಯುತ್ತೇನಲ್ಲ, ಅನ್ನಬಹುದಿತ್ತು. ಅನ್ನಲಿಲ್ಲ.

೧೬ ಫೆ.

ಬಸ್ಸಿನಲ್ಲಿ ಮಿಡಿಗೇಶಿಗೆ. ಓಬಳಯ್ಯ ಹುಣಸೆಹಣ್ಣು ಹಾಕಿ ಕಾರ್ನೆಟ್ ತುತ್ತೂರಿ ತಿಕ್ಕುತ್ತಿದ್ದ. ಅಬ್ಬನ ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು ಹೊತ್ತು ಬೆಳೆದವನು. ಕೂರು ಅನ್ನಲಿಲ್ಲ. ಹುಡುಗರನ್ನು ಕರೆದು ಅಂಗಳದಲ್ಲೇ ಬಾರಿಸಿ ತೋರಿಸಿದ.

ನಿಲ್ಲಲಿಲ್ಲ. ಎಲ್ಲೂ. ಯಾಕೆ ಅಂತ ಕೇಳಿದೆ.

“ನಿಮ್ಮಪ್ಪ ನಿಲ್ಲಿಸ್ದಾಗೆಲ್ಲ ಗ್ಯಾಸ್‌ಲೈಟು ಹೊತ್ತ ಹೆಂಗಸ್ರು ನನ್ನ ಮಕಕ್ಕೇ ಉಗೀತಿದ್ರು ಸಾಮಿ. ಕತ್ತರ್ಸಿ ಬಿಸಾಕ್ಬುಟ್ಟೆ. ಈಗ ಮೆರವಣಿಗೆ ಹೊಂಟ್ರೆ ಹೊಂಟಂಗೇ.” ಕಾರ್ನೆಟ್ ಒರೆಸಿದ. “ಹೆಸ್ರು ಬೇಕಾ? ಹಾಕ್ಕಳಿ. ಇಲ್ಲ, ನಿಲ್ಸೋದು ಬೇಕಾ? ಅಂಗಾದ್ರೆ ಹೆಸ್ರು ನಂದು. ಯಾವ್ದಾರಾ ಒಂದು ಯೋಳಿ.”

ಹೆಸರು, ಅಂದೆ.

ನಿಲುಗಡೆ ತೆಗೆದರೆ ಉಳಿಯುವುದು ಪೊಲೀಸರು ಊಟಕ್ಕೆ ಹೊರಟಂಥ ಒಂದು ಮಾರ್ಚ್. ಗೊತ್ತಿದ್ದೇ ಅಂದೆ. ವಾಪಸು ಬರುವಾಗ ಕಿಟಕಿಯ ಗಾಳಿ ಹಿತವಾಗಿತ್ತು.

ಹೆಸರು ಹಾಕುತ್ತಾನಾ, ಅಂತಷ್ಟೇ ಕೇಳಿದರು ಅಬ್ಬ. ಹೂಂ ಅಂದೆ. ತಾವೇ ಚಹಾ ಮಾಡಿ ಕೊಟ್ಟರು. ಸಕ್ಕರೆ ಜಾಸ್ತಿ. ಕುಡಿದೆ.

೯ ಏಪ್ರಿಲ್

ಪುರಸಭೆ ಪಾರ್ಕಿನ ರೇಡಿಯೋ. ಅಬ್ಬ ಹಳೆಯ ಬ್ಯಾಂಡ್ ಕೋಟು ಹಾಕಿಕೊಂಡು ಬಂದರು. ಹೆಗಲು ಈಗ ದೊಗಲೆ. ಯಾರೋ ಕುರ್ಚಿ ಕೊಟ್ಟರು. ಹೆಂಗಸಿನ ದನಿ: ಸಂಯೋಜನೆ, ಸಿರಾದ ಬುಡನ್ ಸಾಬ್. ಜನ ತಿರುಗಿ ನೋಡಿದರು. ಅಬ್ಬ ಎದೆಯ ಮೇಲೆ ಕೈ ಇಟ್ಟುಕೊಂಡರು.

ಆಮೇಲೆ ಮಟ್ಟು. ನಿಲ್ಲಬೇಕಾದಲ್ಲಿ ಅಬ್ಬನ ಕೈ ಮೇಲೆದ್ದಿತು — ಹಳೆಯ ಸೆಟ್ಟನ್ನು ನಿಲ್ಲಿಸುವ ಕೈ. ಮಟ್ಟು ಮುಂದೆ ಹೋಯಿತು. ಮತ್ತೆ ಎದ್ದಿತು. ಹೋಯಿತು. ಆಮೇಲೆ ಏಳಲಿಲ್ಲ. ಚಿಕ್ಕಹನುಮಯ್ಯ ಚಪ್ಪಾಳೆ ತಟ್ಟುತ್ತಿದ್ದ.

ಮನೆಯ ಮೆಟ್ಟಿಲಲ್ಲಿ ಕೇಳಿದರು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅಂಗಾದ್ರೆ ನನ್ನ ಹೆಸ್ರು ತೆಗ್ಸು. ಅದು ನಂದಲ್ಲ.”

ಗಾಳಿಗೆ ಹೋದದ್ದನ್ನು ಎಲ್ಲಿಂದ ತೆಗೆಸುವುದು?

೧೪ ಏಪ್ರಿಲ್

ಮಾತಿಲ್ಲ. ಬಡಿಯುವುದೂ ಇಲ್ಲ. ನಾನು ಬೇಡಿದ್ದ ನಿಶ್ಶಬ್ದ ಇದೇ. ಚೆನ್ನಾಗಿಲ್ಲ.

ಕೊರಟಗೆರೆ, ಹೊಳವನಹಳ್ಳಿ ಸೆಟ್ಟಿನವರೂ ಅದನ್ನೇ ಕಲಿತರಂತೆ, ರೇಡಿಯೋದಲ್ಲಿ ಬಂದ ಹಾಗೇ. ‘ಬುಡನ್ ಸಾಬ್ ಮಟ್ಟು’ ಅನ್ನುತ್ತಾರಂತೆ. ಚಿಕ್ಕಹನುಮಯ್ಯ ಸಂತೋಷದಿಂದ ಹೇಳಿದ. ಅಬ್ಬ ಎದ್ದು ಒಳಗೆ ಹೋದರು.

೨ ಜೂನ್

ಶನಿವಾರ ಅಬ್ಬನನ್ನು ಸಿರಾದಲ್ಲಿ ಮಣ್ಣು ಮಾಡಿದೆವು. ಕೊನೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಹಟ. ನನಗೂ ಇದೆ.

ಓಬಳಯ್ಯ ಬಂದಿದ್ದ. ಬರಿಗೈಯಲ್ಲಿ, ಖಬರಸ್ತಾನದ ಗೇಟಿನ ಹೊರಗೇ ನಿಂತಿದ್ದ. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆಯೇ ಬಂದ. ಒಂದೇ ಒಂದು ಸಲ ಮುಂಚಿನ ಹಂಗೇ ಬಾರಿಸಬೇಕಂತೆ, ತನ್ನೂರಿನಲ್ಲಿ.

“ನಿಲ್ಲೋ ಜಾಗ ಗೊತ್ತೈತೆ ಸಾಮಿ. ಎಷ್ಟೊತ್ತು ನಿಲ್ಬೇಕು, ಅದೇ ಮರ್ತೋಗೈತೆ. ಅವ್ರ ಕೈ ನೋಡ್ಕಂಡು ನಿಲ್ತಿದ್ವಿ, ನಾವ್ಯಾಕೆ ಎಣಿಸಾನ? ಸೆಟ್ಟಿನ ಹಳಬ್ರು ಯಾರೂ ಇಲ್ಲ. ನೀವು ಹುಟ್ಟಿದಾಗ್ಲಿಂದ ಕೇಳಿದೋರು.”

ಗೊತ್ತು, ಅಂದೆ. ಗೊತ್ತಿರಲೇಬೇಕು. ಗುನುಗಿದೆ. ಆ ಜಾಗ ಬಂತು, ನಿಲ್ಲಿಸಿದೆ. ಓಬಳಯ್ಯ ನನ್ನ ಬಾಯನ್ನೇ ನೋಡುತ್ತಿದ್ದ. ಅವನ ಬಸ್ಸು ಬಂತು, ಹತ್ತಲಿಲ್ಲ. ಬಸ್ಸು ಹೋಯಿತು. ನಾನು ಮುಂದೆ ಶುರುಮಾಡಲಿಲ್ಲ.

ಎಷ್ಟು ಹೊತ್ತು, ಅಬ್ಬಾ?